ಹುಳದ ಮನೆ ಪಕ್ಕದ ಗರಗಸ

ರಿಟೈರಾದ ಗಂಡಸು ಮನೆಯಲ್ಲೇ ಕೂತರೆ ಮನೆಯವರಿಗೆ ಎಂಥ ಕಾಟ ಅನ್ನುವುದನ್ನು ಮಂಗಳಮ್ಮನ ಬಾಯಿಂದಲೇ ಕೇಳಬೇಕು. ಗಂಡ ಚಲುವರಾಜು ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ನಾಲ್ಕು ವರ್ಷ ಗುಮಾಸ್ತನಾಗಿದ್ದು, ಹಾರ ಹಾಕಿಸಿಕೊಂಡು ಆತಗೂರಿನ ಹತ್ತಿರದ ತನ್ನ ಹಳ್ಳಿಗೆ ಬಂದು ಕೂತ. ಮೊದಲ ತಿಂಗಳು ಅಡಿಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ. ಎರಡನೇ ತಿಂಗಳು ಸೊಸೆ ರಂಜಿತ ಪಾತ್ರೆ ಬೆಳಗುವಾಗ ಪಕ್ಕದಲ್ಲಿ ನಿಂತು, ನೀರು ಹೇಗೆ ಉಳಿಸಬಹುದು ಅಂತ ಪಾಠ ಮಾಡಿದ. ಮೂರನೇ ತಿಂಗಳಿಗೆ ಫೋನಿನಲ್ಲಿ ಮರಗೆಲಸದ ವಿಡಿಯೋ ನೋಡುವ ಚಟ ಹತ್ತಿತು. ಯಾವುದೋ ದೇಶದ ದಾಡಿಯವನು ತಿರುಗುವ ಗರಗಸಕ್ಕೆ ಒಂದು ಹಲಗೆ ತಳ್ಳಿದರೆ ಅದು ಬೆಣ್ಣೆಯಂತೆ ಎರಡಾಗುತ್ತಿತ್ತು. ಚಲುವರಾಜು ಊಟ ಮರೆತು ನೋಡುತ್ತಿದ್ದ. ಇಷ್ಟಾಗಿ ಅವನದು ಮರ ಮುಟ್ಟಿದ ಕೈಯಲ್ಲ, ಫೈಲು ಕಟ್ಟಿದ ಕೈ.

ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯನ್ನು ಸಾರಿಸಿ ಬಲ್ಬು ಹಾಕಿಸಿದ. ಮದ್ದೂರಿನಲ್ಲಿ ಹಳೇ ಮನೆ ಕೆಡವಿದವರ ಹತ್ತಿರ ಬಾಗಿಲು, ಹಲಗೆ, ತೊಲೆ ಕೊಂಡು ತಂದು ಜೋಡಿಸಿದ. ಗೆದ್ದಲು ತಿನ್ನದಿರಲಿ ಅಂತ ಸಂಕ್ರಾಂತಿ ಕಳೆದ ಮೇಲೆ ಅವಕ್ಕೆಲ್ಲ ತಾನೇ ಬ್ರಷ್ಷು ಹಿಡಿದು ಔಷಧಿ ಬಳಿದ. ಇನ್ನು ಗರಗಸದ ಮಿಷನ್ನು ಬರುವುದೊಂದೇ ಬಾಕಿ. ಅವನ ಅಪ್ಪ ಜವರಯ್ಯನಿಗೆ ಎಂಬತ್ತೆರಡು, ಕಣ್ಣು ಮಂಜಾದರೂ ನಾಲಿಗೆ ಮಂಜಾಗಿರಲಿಲ್ಲ. "ಲೇ ಚಲುವ, ಮಿಷನ್ನು ಬರೋಕ್ ಮುಂಚೆ ಬೆರಳು ಎಣಿಸಿ ಬರ್ದಿಟ್ಕೊಳ್ಲಾ, ಆಮೇಲೆ ಲೆಕ್ಕ ತಪ್ಪೋದು" ಅಂದ.

ಕೊಟ್ಟಿಗೆಯ ಒಂದು ಪಕ್ಕಕ್ಕೆ ಹುಳದ ಮನೆ, ಹಿಂದಕ್ಕೆ ಹಿಪ್ಪುನೇರಳೆ ತೋಟ. ರೇಷ್ಮೆ ಹುಳ ಮಂಗಳಮ್ಮನ ರಾಜ್ಯ. ವರ್ಷಕ್ಕೆ ಆರು ಬೆಳೆ ತೆಗೆಯುತ್ತಿದ್ದಳು. ಗಂಡನ ಸಂಬಳ ಮಗ ಪುನೀತನ ಓದಿಗೆ, ಮದುವೆಗೆ ಹೋದರೆ, ಮನೆಯ ಉಪ್ಪು, ಎಣ್ಣೆ, ಹಬ್ಬಗಳೆಲ್ಲ ನಡೆದದ್ದು ಹುಳದ ಗೂಡಿನಿಂದ. ಆ ಮನೆಗೊಂದು ಕಟ್ಟುನಿಟ್ಟಿತ್ತು. ಚಪ್ಪಲಿ ಹೊರಗೆ, ಊದುಬತ್ತಿ ಹೊತ್ತಿಸುವಂತಿಲ್ಲ, ಹೊರಗಿನವರು ಇಣುಕುವಂತಿಲ್ಲ, ಮುಟ್ಟಾದವರು ಅತ್ತ ಸುಳಿಯುವಂತಿಲ್ಲ. ರಂಜಿತ ಮದುವೆಯಾಗಿ ಬಂದು ಒಂದೂವರೆ ವರ್ಷ. ಬೆಳಗಿನ ಸೊಪ್ಪು ಕೊಯ್ಯುವುದು, ಹುಳಕ್ಕೆ ಹಾಕುವುದು, ಕಸ ತೆಗೆಯುವುದು ಅವಳ ಪಾಲಿಗೆ ಬಂದಿತ್ತು.

ಮಿಷನ್ನು ನೋಡಲು ಮಂಡ್ಯಕ್ಕೆ ಹೊರಟಾಗ ಚಲುವರಾಜು ಸೊಸೆಯನ್ನೂ ಕರೆದುಕೊಂಡ. ಅವಳಪ್ಪ ಚೌಡಯ್ಯ ಮಳವಳ್ಳಿಯಲ್ಲಿ ಮೂವತ್ತು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿದ್ದವನು, ಮಗಳಿಗೂ ಒಂದಿಷ್ಟು ತಿಳಿದಿರುತ್ತೆ ಅನ್ನುವುದು ಇವನ ಎಣಿಕೆ. ಅಂಗಡಿಯಲ್ಲಿ ಎರಡು ಟೇಬಲ್ ಸಾ, ಅಂದರೆ ಮೇಜಿಗೇ ಕೂರಿಸಿದ ಕರೆಂಟಿನ ಗರಗಸ ತೋರಿಸಿದರು. ಒಂದು ಎಂಟಿಂಚಿನ ಬ್ಲೇಡಿನದು, ಚಕ್ರದ ಸ್ಟ್ಯಾಂಡಿನ ಮೇಲೆ ಕೂತ ಹಗುರ ಮಿಷನ್ನು. ಇನ್ನೊಂದು ಹತ್ತಿಂಚಿನದು, ಎರಡು ಹಾರ್ಸ್ ಪವರ್ ಮೋಟಾರು, ಎರಕದ ಕಬ್ಬಿಣದ ಮೇಜು, ಕೈಯಿಟ್ಟರೆ ತಣ್ಣಗೆ ನುಣ್ಣಗೆ. ಚಲುವರಾಜು ಅದನ್ನು ಹಸು ಸವರಿದಂತೆ ಸವರಿದ. ಅಂಗಡಿಯವನು ಪ್ರಾಮಾಣಿಕ. ಚಿಕ್ಕದನ್ನು ತೆಗೆದುಕೊಂಡರೆ ಅದೇ ದುಡ್ಡಿನಲ್ಲಿ ಧೂಳೆಳೆಯುವ ಮಿಷನ್ನೂ ಬರುತ್ತೆ, ದೊಡ್ಡದಾದರೆ ಬರಲ್ಲ, ಮನೆ ಹತ್ತಿರ ಇಡುವುದಾದರೆ ಧೂಳೆಳೆಯುವುದು ಇರಲೇಬೇಕು ಅಂದ.

ಆಗ ರಂಜಿತ ಬಾಯಿಬಿಟ್ಟಳು. ಆ ಚೀಲದೊಳಗೆ ಎಷ್ಟು ಸಣ್ಣ ಧೂಳು ನಿಲ್ಲುತ್ತೆ, ಬ್ಲೇಡಿನ ಕೆಳಗಿಂದ ಎಳೆಯುತ್ತೋ ಮೇಲಿಂದಲೂ ಎಳೆಯುತ್ತೋ, ಪೈಪು ಉದ್ದವಾದರೆ ಎಳೆತ ಕಮ್ಮಿಯಾಗುತ್ತೋ ಅಂತ ಒಂದೊಂದಾಗಿ ಕೇಳಿದಳು. ಅಂಗಡಿಯವನು ಚಲುವರಾಜುವಿನ ಕಡೆ ಬೆನ್ನು ತಿರುಗಿಸಿ ಅವಳಿಗೇ ಹೇಳತೊಡಗಿದ. ಮೂರು ತಿಂಗಳು ವಿಡಿಯೋ ನೋಡಿದ ಮನುಷ್ಯನಿಗೆ ಇದರಲ್ಲಿ ಒಂದು ಪ್ರಶ್ನೆಯೂ ಹೊಳೆದಿರಲಿಲ್ಲ. ಅವನ ಕಿವಿ ಬಿಸಿಯಾಯಿತು. ಸೊಸೆಯ ಮಾತು ಮುಗಿಯುವ ಮೊದಲೇ, "ದೊಡ್ಡದನ್ನೇ ಪ್ಯಾಕ್ ಮಾಡಿ" ಅಂದುಬಿಟ್ಟ.

ವಾಪಸು ಬರುವಾಗ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ರಂಜಿತ ಮತ್ತೆ ಮಾತೆತ್ತಿದಳು. "ಮಾವ, ಹುಳದ ಮನೆ ಪಕ್ಕದಲ್ಲೇ ಐತೆ. ಧೂಳಿಂದು ಆಮೇಲಾದ್ರೂ ತಗಳಿ. ನಮ್ಮಪ್ಪನ ಕೆಮ್ಮು ಕೇಳಿದ್ದೀರಲ್ಲ."

"ಮಿಲ್ಲು ಬೇರೆ, ಇದು ಬೇರೆ ಕಣಮ್ಮ. ಎಕ್ಸಾಸ್ಟ್ ಫ್ಯಾನ್ ಹಾಕಿಸ್ತೀನಿ. ಧೂಳೆಲ್ಲ ಹಿಂದಕ್ಕೆ ಹೊಂಟೋಗುತ್ತೆ."

ಮನೆಯಲ್ಲಿ ಮಂಗಳಮ್ಮ ಕೇಳಿದಾಗ, ಧೂಳಿನ ಮಿಷನ್ನು ಬೇಕಿಲ್ಲ ಅಂತ ಅಂಗಡಿಯವರೇ ಹೇಳಿದರು ಅಂದ. ಮಾವನಿಗೆ ಕಾಫಿ ತಂದಿದ್ದ ರಂಜಿತ ಆ ಮಾತು ಕೇಳಿ ಲೋಟ ಕೊಟ್ಟು ಒಳಗೆ ಹೋದಳು. ಸೊಸೆ ಬಾಯಿಬಿಡಲಿಲ್ಲವಲ್ಲ ಅಂತ ಚಲುವರಾಜುವಿಗೆ ಹಾಯೆನಿಸಿತು. ಅಷ್ಟಕ್ಕೇ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಮಿಷನ್ನು ಬಂತು. ಕೊಟ್ಟಿಗೆಯ ಹಿಂದಿನ ಗೋಡೆ ಒಡೆಸಿ ಹೋಟೆಲಿನಲ್ಲಿ ಹಾಕುವಂಥ ದೊಡ್ಡ ಫ್ಯಾನು ಕೂರಿಸಿದ. ಹುಳ ಆಗ ನಾಲ್ಕನೇ ಜ್ವರದಿಂದ, ಅಂದರೆ ಕೊನೇ ಸಲ ಪೊರೆ ಕಳಚಿ ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಹುಳ ಮೇಯುವ ಸದ್ದು ಹಂಚಿನ ಮೇಲೆ ಜಡಿಮಳೆ ಬಿದ್ದಂತೆ ಕೇಳುತ್ತಿತ್ತು. ಅದರ ಪಕ್ಕದಲ್ಲಿ ಚಲುವರಾಜು ಎರಡು ದಿನ ಗರಗಸ ಅರಚಿಸಿದ. ಹಳೇ ಹಲಗೆಗಳನ್ನೆಲ್ಲ ಸೀಳಿ ಸೀಳಿ ಒಟ್ಟಿದ. ಫ್ಯಾನು ಹೊಟ್ಟನ್ನೆಲ್ಲ ಎಳೆದು ಹಿಂದಕ್ಕೆ ಊದಿತು. ಕೊಟ್ಟಿಗೆಯಂತೂ ಕನ್ನಡಿಯಂತಿತ್ತು, ಅವನಿಗೆ ಅದೇ ಹೆಮ್ಮೆ.

ಮೊದಲ ದಿನ ಸಂಜೆಯೇ ರಂಜಿತ ಸೊಪ್ಪಿನ ಹೊರೆ ಇಳಿಸಿ ಕೊಟ್ಟಿಗೆ ಬಾಗಿಲಿಗೆ ಬಂದಳು. ಹಿಂದಿನ ಸಾಲುಗಳ ಎಲೆ ಮೇಲೆ ಹೊಟ್ಟು ಕೂತಿದೆ ಅಂದಳು. ಕೊಡವಿ ಹಾಕು, ಬರೀ ಮರ ಅಂದ.

"ಮರಕ್ಕೇನಾದ್ರೂ ಔಷಧಿ ಗಿವಧಿ ಹಚ್ಚಿದ್ದೀರಾ ಮಾವ?"

ಬ್ಲೇಡು ತಿರುಗುತ್ತಿತ್ತು. ಹಲಗೆ ಅರ್ಧಕ್ಕೆ ಬಂದಿತ್ತು. ಹೌದೆಂದರೆ ನಿಲ್ಲಿಸಬೇಕು. ಹಚ್ಚಿ ತಿಂಗಳುಗಳೇ ಆಗಿವೆ, ಒಣಗಿ ಹೋಗಿರುತ್ತೆ ಅಂತ ಮನಸ್ಸಿನಲ್ಲೇ ತೀರ್ಮಾನಿಸಿ, "ಇಲ್ಲ ಕಣಮ್ಮ" ಅಂದ. ಅವಳು ನಂಬಿ ಹೋದಳು.

ಮೂರನೇ ದಿನ ಬೆಳಿಗ್ಗೆ ಹುಳದ ಮನೆಯಿಂದ ಮಂಗಳಮ್ಮನ ಅಳು ಕೇಳಿತು. ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ತೂಗುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನಕ್ಕೆ ಅರ್ಧ ಸತ್ತವು, ಮಾರನೇ ದಿನಕ್ಕೆ ಒಂದೂ ಉಳಿಯಲಿಲ್ಲ. ರೇಷ್ಮೆ ಇಲಾಖೆಯವರೊಬ್ಬರು ಬಂದು ನೋಡಿ, ಇದು ರೋಗವಲ್ಲ, ಸೊಪ್ಪಿನಲ್ಲಿ ಏನೋ ವಿಷ ಬಂದಿದೆ, ಸುತ್ತಮುತ್ತ ಯಾರಾದರೂ ಔಷಧಿ ಹೊಡೆದರೇ ಅಂತ ಕೇಳಿದರು. ಪಕ್ಕದ ಹೊಲದ ಕೆಂಪಯ್ಯ ತಾನು ಎರಡು ತಿಂಗಳಿಂದ ಪಂಪು ಮುಟ್ಟಿಲ್ಲ ಅಂದ, ನಿಜವೂ ಹಾಗೇ ಇತ್ತು. ಚಲುವರಾಜು ಅವರ ಹಿಂದೆ ನಿಂತಿದ್ದ. ಅವನಿಗೆ ಆ ಕ್ಷಣವೇ ಗೊತ್ತಾಯಿತು. ಈಗ ಬೇಡ, ಸಂಜೆ ಹೇಳೋಣ ಅಂದುಕೊಂಡ.

ಸಂಜೆಗೆ ಮಾತು ಬೇರೆ ದಾರಿ ಹಿಡಿಯಿತು. ನಮ್ಮ ತೋಟದ ಸೊಪ್ಪಿಗೆ ವಿಷ ಎಲ್ಲಿಂದ ಬರುತ್ತೆ, ಆ ಸಾಹೇಬನಿಗೇನು ಗೊತ್ತು, ಇದು ಮೈಲಿಗೆ ಅಂದಳು ಮಂಗಳಮ್ಮ. ಸೊಸೆಯನ್ನು ಪಡಸಾಲೆಗೆ ಕರೆದು, ಯಾವತ್ತು ಹೊರಗಾಗಿದ್ದೆ, ಎಷ್ಟು ದಿನಕ್ಕೆ ತಲೆಗೆ ನೀರು ಹಾಕಿಕೊಂಡೆ ಅಂತ ಮಾವನ ಎದುರಿಗೆ, ಅಜ್ಜನ ಎದುರಿಗೆ ಕೇಳಿದಳು. ರಂಜಿತ ತಲೆತಗ್ಗಿಸಿ ದಿನ ಹೇಳಿದಳು. ಹುಳದ ಮನೆಗೆ ಹಂಗೆ ಹೋಗಿಲ್ಲ ಅತ್ತೆ ಅಂದಳು. ಮಂಗಳಮ್ಮ ನಂಬಲಿಲ್ಲ. ದೇವರ ಮುಂದೆ ಕರ್ಪೂರ ಹಚ್ಚಿ, "ಆರಿಸು ನೋಡಾನ" ಅಂದಳು.

ಆ ಸೀಮೆಯಲ್ಲಿ ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿದರೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ರಂಜಿತ ಒಮ್ಮೆ ಮಾವನ ಕಡೆ ನೋಡಿದಳು. ಆಮೇಲೆ ಅಂಗೈಯನ್ನು ಉರಿಯ ಮೇಲೆ ಒತ್ತಿದಳು. ಚಲುವರಾಜು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬಾಯಿ ತೆರೆದ ಕೂಡ. ಆದರೆ ಬಂದದ್ದು ಕೆಮ್ಮು.

"ಇಷ್ಟು ದೈರ್ಯ ಇರೋಳು ಸುಳ್ಳೂ ಏಳ್ತಾಳೆ" ಅಂತ ಮಂಗಳಮ್ಮ ಎದ್ದು ಹೋದಳು.

ಅಂದಿನಿಂದ ರಂಜಿತ ಮಾಡಿದ ಸಾರನ್ನು ಅತ್ತೆ ಮುಟ್ಟಲಿಲ್ಲ, ತನಗೆ ಬೇರೆ ಮಾಡಿಕೊಂಡಳು. ಒಲೆ ಒಂದೇ, ಪಾತ್ರೆ ಎರಡು. ಹುಳದ ಮನೆ ಕಡೆ ಬರಬೇಡ ಅಂದಳು. ರಂಜಿತ ಮಾತ್ರ ದಿನಾ ಹೊತ್ತಿಗೆ ಸರಿಯಾಗಿ ಮಾವನಿಗೆ ತಟ್ಟೆ ಇಟ್ಟು, ಮುದ್ದೆಗೆ ಸಾರು ಬಿಟ್ಟು, ಇನ್ನಷ್ಟು ಹಾಕಲಾ ಅಂತ ಕೇಳುತ್ತಿದ್ದಳು. ಕೈಯ ನಡುವೆ ಕರ್ಪೂರದ ಗುಳ್ಳೆ ಎದ್ದು ಒಡೆದಿತ್ತು. ಚಲುವರಾಜು ಸಾಕು ಸಾಕು ಅನ್ನುತ್ತಾ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಗರಗಸಕ್ಕೆ ಟಾರ್ಪಾಲು ಹೊದಿಸಿದ. ಯಾರಿಗೂ ಕಾಣದಂತೆ ಫ್ಯಾನು ಬಿಚ್ಚಿ ಗೋಡೆ ಮುಚ್ಚಿದ. ಉಳಿದ ಹಲಗೆ ಕೊಂಡುಹೋಗಿ ಹಳ್ಳದ ಹತ್ತಿರ ಹೂತ. ಹಿಂದಿನ ನಾಲ್ಕು ಸಾಲಿನ ಕಡ್ಡಿ ಬಲಿತಿದೆ ಅಂತ ನೆಪ ಹೇಳಿ ಬುಡಕ್ಕೆ ಕತ್ತರಿಸಿದ. ತಪ್ಪು ಮುಚ್ಚುವುದಕ್ಕೆ ಆ ಮನುಷ್ಯ ಪಟ್ಟ ಪಾಡಿನಲ್ಲಿ ಕಾಲು ಭಾಗ ಸಾಕಿತ್ತು, ಅದನ್ನು ಒಪ್ಪಿಕೊಳ್ಳುವುದಕ್ಕೆ.

ಪುನೀತ ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಪಾಳಿ ಮುಗಿಸಿ ಬಂದರೆ ಒಂದು ಕಡೆ ಅಮ್ಮನ ದೂರು, ಇನ್ನೊಂದು ಕಡೆ ಹೆಂಡತಿಯ ಮೌನ. ಒಂದು ಮಧ್ಯಾಹ್ನ ಅಪ್ಪನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಕೇಳಿದ.

"ಅಪ್ಪ, ಅಮ್ಮ ನಿನ್ ಮಾತು ಕೇಳ್ತಾಳೆ. ಒಂದ್ ಮಾತು ಏಳು. ಅವ್ಳು ಸುಳ್ಳೇಳೋಳಲ್ಲ."

"ಎಂಗಸ್ರು ವಿಷಯ ಕಣ್ಲಾ. ಅದ್ರಲ್ಲಿ ನಾನ್ಯಾಕೆ ಬಾಯಾಕ್ಲಿ?"

ಪುನೀತ ತಿರುಗಿ ಮನೆ ಕಡೆ ನಡೆದ. ಮಾರನೇ ದಿನ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಮಳವಳ್ಳಿಯಲ್ಲಿ ಬಿಟ್ಟು ಬಂದ. ಎಂಟು ದಿನ ಅಂತ ಹೋದದ್ದು ತಿಂಗಳಾಯಿತು. ಮನೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಜವರಯ್ಯನೊಬ್ಬ ಜಗಲಿಯ ಮೇಲೆ ಕೂತು, ಅಷ್ಟು ದುಡ್ಡು ಸುರಿದು ತಂದ ಮಿಷನ್ನನ್ನು ಯಾಕೆ ಹೆಣ ಮುಚ್ಚಿದಂತೆ ಮುಚ್ಚಿಟ್ಟಿದ್ದಾನೆ ಇವನು ಅಂತ ಗಾಳಿಗೆ ಕೇಳುತ್ತಿದ್ದ.

ಅಷ್ಟರಲ್ಲಿ ಮಂಗಳಮ್ಮ ಹೊಸದಾಗಿ ಚಾಕಿ ಹುಳ, ಅಂದರೆ ಎಳೇ ಮರಿಗಳನ್ನು ತಂದಳು. ಒಬ್ಬಳೇ ಸೊಪ್ಪು ಕೊಯ್ದಳು, ಒಬ್ಬಳೇ ಹಾಕಿದಳು, ನಡ ಬಿದ್ದುಹೋಯಿತು. ಸೊಪ್ಪು ಮುಂದಿನ ಸಾಲುಗಳದು, ಗರಗಸದ ಸದ್ದಿಲ್ಲ, ಫ್ಯಾನಿಲ್ಲ. ಹುಳ ಚೆನ್ನಾಗಿ ಮೇಯ್ದು, ಚೆನ್ನಾಗಿ ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಬೆಳ್ಳಗೆ ಗೂಡು ಕಟ್ಟಿದವು. ಎಷ್ಟೋ ವರ್ಷದಿಂದ ಅಂಥ ಬೆಳೆ ಬಂದಿರಲಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದವಳು ಅಂದು ಕೋಳಿ ಸಾರು ಮಾಡಿದಳು. ಎಲ್ಲರಿಗೂ ಬಡಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು.

"ನೋಡುದ್ರಾ? ಅವ್ಳು ಕೈ ತಗದ್ಮೇಲೆ ಹುಳ ಎಂಗ್ ಬಂದ್ವು ಅಂತ. ಇನ್ ಅವ್ಳು ಈ ಮನೆಗೆ ಬರೋದಾದ್ರೆ ಆ ಮನೆ ಬಾಗ್ಲು ತುಳಿಯಂಗಿಲ್ಲ. ಕರ್ಪೂರ ಆರ್ಸಿ ಸುಳ್ಳೇಳ್ದೋಳು ಇನ್ನೇನ್ ಮಾಡಕ್ಕೂ ಎದ್ರಲ್ಲ. ಪುನೀತ, ನೀನೂ ಕಣ್ ಬುಟ್ಕೊಂಡು ಸಂಸಾರ ಮಾಡು."

ಪುನೀತ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಮ್ಮನಿಗೆ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಚಲುವರಾಜುವಿಗೆ ಹೆದರಿಕೆ ಹುಟ್ಟಿಸಿತು. ಮಗ ನಂಬುವುದಕ್ಕೆ ಶುರು ಮಾಡಿದ್ದ. ತಾನು ಬೇರೆಯವರಿಗೆ ಕಾಣದಂತೆ ಕತ್ತರಿಸಿದ ನಾಲ್ಕು ಸಾಲು, ಬಿಚ್ಚಿದ ಫ್ಯಾನು, ಹೂತ ಹಲಗೆ, ಎಲ್ಲ ಸೇರಿ ತಪ್ಪನ್ನು ಆ ಹೆಣ್ಣಿನ ತಲೆಗೆ ಕಟ್ಟಿದ್ದವು. ಸುಮ್ಮನಿದ್ದಾಗ ಬರೀ ಅನುಮಾನವಿತ್ತು, ಈಗ ರುಜುವಾತು ಸಿಕ್ಕಿತ್ತು. ಆ ರುಜುವಾತು ತಯಾರಿಸಿಕೊಟ್ಟವನು ತಾನು. ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದ.

ಬೆಳಿಗ್ಗೆ ಎದ್ದವನೇ ಮದ್ದೂರಿಗೆ ಕೆಲಸವಿದೆ ಅಂತ ಹೇಳಿ, ಅಲ್ಲಿಂದ ಮಳವಳ್ಳಿ ಬಸ್ಸು ಹತ್ತಿದ.

ಚೌಡಯ್ಯ ಬೀಗರನ್ನು ಕಂಡು ಗಡಿಬಿಡಿಯಲ್ಲಿ ಪಂಚೆ ಸರಿಮಾಡಿಕೊಂಡು ಎದ್ದ. ಚಾಪೆ ಹಾಸಿದ, ಕೈಕಾಲಿಗೆ ನೀರು ಕೊಟ್ಟ, ಕೆಮ್ಮಿದ. ಮನೆಯಾಕೆ ಇಡ್ಲಿ ತಂದಿಟ್ಟು ಒಳಗೆ ಹೋದಳು. ಇವನು ಬಾಯಿ ತೆರೆಯುವ ಮೊದಲೇ ಆ ಮುದುಕ ಕೈ ಜೋಡಿಸಿಬಿಟ್ಟ.

"ಬೀಗ್ರೆ, ನೀವೇ ಬಂದ್ರಿ, ದೊಡ್ಡತನ. ಹುಡುಗಿ ತಿಳೀದೆ ಏನೋ ಮಾಡಿರ್ಬೋದು. ವಯಸ್ಸು ಸಣ್ಣದು. ಬೀಗಿತ್ತಿಗೆ ಏಳಿ, ನನ್ ಮಕ ನೋಡಿ ಒಂದ್ಸಲ ಒಟ್ಟೆಗಾಕ್ಕೊಳ್ಳಿ."

ಚಲುವರಾಜುವಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಜೋಡಿಸಿದ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ರಂಜಿತಳನ್ನು ಕರೆಯಿರಿ ಅಂದ. ಅವಳು ಬಂದು ಗೋಡೆಗೆ ಒರಗಿ ನಿಂತಳು. ಅವಳಪ್ಪನ ಎದುರಿಗೇ, ಒಂದೂ ಬಿಡದಂತೆ ಹೇಳಿದ. ಅಂಗಡಿಯವನು ಹೇಳಿದ್ದು, ತಾನು ತಿರುಚಿದ್ದು, ಗೆದ್ದಲಿನ ಔಷಧಿ, ಫ್ಯಾನು, ಕತ್ತರಿಸಿದ ಸಾಲು. ಚೌಡಯ್ಯ ಮಗಳ ಕೈ ನೋಡಿದ.

"ನಂಗೊತ್ತಿತ್ತು ಮಾವ" ಅಂದಳು ರಂಜಿತ. "ಸತ್ತ ಹುಳ ಗುಂಡಿಗೆ ಆಕಕ್ಕೆ ಸಲಿಕೆ ತಗಳಕ್ಕೆ ಕೊಟ್ಟಿಗೆಗೆ ಬಂದಿದ್ನಲ್ಲ, ಆವಾಗ ಔಷಧಿ ಡಬ್ಬ ಕಂಡೆ."

"ಕರ್ಪೂರ ಆರ್ಸೋಕ್ ಮುಂಚೇನೇ ಗೊತ್ತಿತ್ತಾ?"

"ಊಂ."

"ಮತ್ಯಾಕಮ್ಮ ಏಳ್ಲಿಲ್ಲ? ಒಂದ್ ಮಾತು ಅಂದಿದ್ರೆ ಮುಗ್ದೋಗ್ತಿತ್ತು."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಔಷಧಿ ಹಚ್ಚಿದ್ದೀರಾ ಅಂತ ಒಂದ್ಸಲ ಕೇಳ್ದಾಗ ಇಲ್ಲ ಅಂದಿದ್ರಿ. ಎಲ್ರು ಮುಂದೆ ಕೇಳ್ದಾಗ್ಲೂ ಇಲ್ಲ ಅಂದ್ಬುಟ್ಟಿದ್ರೆ? ಆಮೇಲೆ ನಾನು ದಿನಾ ನಿಮ್ಗೆ ಎಂಗ್ ಮಾವ ಅನ್ನ ಇಕ್ಲಿ? ನೀವೇ ಏಳ್ತೀರಿ ಅನ್ಕೊಂಡೆ."

ಚಲುವರಾಜು ಅಲ್ಲಿ ಅತ್ತ. ಬೀಗರ ಮನೆಯಲ್ಲಿ, ಇಡ್ಲಿ ತಟ್ಟೆಯ ಮುಂದೆ, ಅರವತ್ತು ದಾಟಿದ ಗಂಡಸು ಮೂಗು ಒರೆಸಿಕೊಂಡು ಅತ್ತ. ಹೊರಡಮ್ಮ, ಈಗಲೇ ಕರೆದುಕೊಂಡು ಹೋಗುತ್ತೇನೆ ಅಂದ. ರಂಜಿತ ಅಲ್ಲಾಡಲಿಲ್ಲ. "ಅತ್ತೆಗೆ ಏಳಿದ್ದೀರಾ?" ಅಂತ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಹೆಂಡತಿಗೆ ಹೇಳುವುದಕ್ಕಿಂತ ಎರಡು ಬಸ್ಸು ಹತ್ತಿ ಬಂದು ಇವಳಿಗೆ ಹೇಳುವುದು ಸಲೀಸಾಗಿತ್ತು ಅನ್ನುವುದು ಆಗ ಅವನಿಗೇ ತಿಳಿಯಿತು. ಚೌಡಯ್ಯ ಅವನನ್ನು ಬಸ್ಸಿನ ತನಕ ಕಳಿಸಲು ಬರಲಿಲ್ಲ.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಮಂಗಳಮ್ಮ ಅಂಗಳದಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು, ಪುನೀತ ಪಾಳಿಗೆ ಹೊರಟು ಬೂಟು ಕಟ್ಟುತ್ತಿದ್ದ, ಜವರಯ್ಯ ಜಗಲಿಯಲ್ಲಿದ್ದ. ಚಲುವರಾಜು ಚಪ್ಪಲಿ ಬಿಡದೆ ಅಲ್ಲೇ ನಿಂತು ಹೇಳಿದ. ಹುಳ ಸತ್ತದ್ದು ನನ್ನ ಗರಗಸದ ಹೊಟ್ಟಿನಿಂದ ಅಂತ ಶುರು ಮಾಡಿ ಕೊನೆಯ ತನಕ ಹೇಳಿದ. ಮಂಗಳಮ್ಮನ ಕೈ ನಿಲ್ಲಲಿಲ್ಲ, ಸುಲಿಯುತ್ತಲೇ ಇದ್ದಳು. ಕಾಳು ಸಿಪ್ಪೆಯ ಕಡೆಗೂ ಸಿಪ್ಪೆ ಕಾಳಿನ ಕಡೆಗೂ ಬೀಳುತ್ತಿತ್ತು.

"ಅವ್ಳುಗ್ ಗೊತ್ತಾ?" ಅಂತ ಕೇಳಿದಳು.

"ಮೊದ್ಲಿಂದ್ಲೂ ಗೊತ್ತಿತ್ತಂತೆ."

"ಗೊತ್ತಿದ್ದೂ ಅಂಗೈ ಸುಟ್ಕೊಂಡ್ಳಾ? ನಾನು ಗಂಡಸ್ರು ಮುಂದೆ ಕೇಳಬಾರದ್ನೆಲ್ಲ ಕೇಳ್ದೆ. ನೀವು ಬಾಗ್ಲಲ್ಲಿ ನಿಂತಿದ್ರಿ."

ಪುನೀತ ಕಟ್ಟಿದ ಬೂಟು ಬಿಚ್ಚಿ ಎಸೆದ. ಅಪ್ಪನ ಹತ್ತಿರ ಬಂದು, ಹೆಂಗಸರ ವಿಷಯ ಅಂದೆಯಲ್ಲಪ್ಪ ಅಂದ. ಅಷ್ಟೇ ಅಂದು ಒಳಗೆ ಹೋದ. ಬೈದಿದ್ದರೆ ಚಲುವರಾಜುವಿಗೆ ಎಷ್ಟೋ ಮೇಲಿತ್ತು. ಬೈದವನು ಜವರಯ್ಯ. "ನಿನ್ನ ಓದ್ಸಿದ್ದು ದಂಡ ಕಣ್ಲಾ" ಅಂದು ಗೋಡೆ ಕಡೆ ತಿರುಗಿ ಕೂತ.

ಮಾರನೇ ಬೆಳಿಗ್ಗೆ ಮಂಗಳಮ್ಮ ತಲೆಗೆ ನೀರು ಹಾಕಿಕೊಂಡು, ಒಳ್ಳೇ ಸೀರೆ ಉಟ್ಟು, ಮಡಿಲಕ್ಕಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಕಟ್ಟಿದಳು. ಚಲುವರಾಜುವೂ ಇಸ್ತ್ರಿಯ ಅಂಗಿ ಹಾಕಿ ಬಂದು ನಿಂತ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವ್ ಬ್ಯಾಡ. ನಾನ್ ಅಂದಿದ್ಕೆ ನಾನೋಗಿ ಅವ್ಳು ಕಾಲಿಡೀತೀನಿ. ನೀವ್ ಪಕ್ಕದಲ್ಲಿದ್ರೆ ನಂಗೆ ಅದೂ ಆಗಲ್ಲ."

ಮಗನ ಬೈಕಿನ ಹಿಂದೆ ಕೂತು ಹೋದಳು. ಮನೆಯಲ್ಲಿ ಚಲುವರಾಜು, ಅವನಪ್ಪ ಇಬ್ಬರೇ ಉಳಿದರು. ಅಪ್ಪನಿಗೆ ನೀರು ಕೊಟ್ಟರೆ ಮುದುಕ ಲೋಟ ಪಕ್ಕಕ್ಕಿಟ್ಟ. ಮಧ್ಯಾಹ್ನ ಅನ್ನವಿತ್ತು, ಸಾರಿತ್ತು, ತಟ್ಟೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಅವಳು ಬರದಿದ್ದರೆ ಅಂತ ಒಮ್ಮೆ ಹೆದರಿದ, ಬಂದರೆ ಹೇಗೆ ಎದುರು ನಿಲ್ಲಲಿ ಅಂತ ಇನ್ನೊಮ್ಮೆ ಹೆದರಿದ.

ನಾಲ್ಕು ಗಂಟೆಯ ಹೊತ್ತಿಗೆ ಬಾಡಿಗೆ ಆಟೋ, ಅದರ ಹಿಂದೆ ಪುನೀತನ ಬೈಕು ಬಂದು ನಿಂತವು. ಮೊದಲು ಮಂಗಳಮ್ಮ ಇಳಿದಳು, ಅತ್ತು ಕಣ್ಣು ಊದಿತ್ತು. ಅವಳ ಹಿಂದೆ ರಂಜಿತ ಬ್ಯಾಗು ಹಿಡಿದು ಇಳಿದಳು. ಚಲುವರಾಜು ಜಗಲಿಯ ಕಂಬದ ಹಿಂದೆ ಸರಿದು ನಿಂತಿದ್ದ. ತನ್ನ ಕಡೆ ನೋಡದೆ ಒಳಗೆ ಹೋಗಿಬಿಡಲಿ ಅಂತ ಬೇಡಿಕೊಂಡ. ಅವಳು ಬ್ಯಾಗು ಕೆಳಗಿಟ್ಟು, ಕಾಲು ತೊಳೆದು, ನೇರ ಅವನ ಎದುರಿಗೇ ಬಂದು ನಿಂತಳು. ಮೊದಲಿನ ಹಾಗೇ, ದಿನಾ ಕೇಳುತ್ತಿದ್ದ ಹಾಗೇ ಕೇಳಿದಳು.

"ಊಟ ಆಯ್ತಾ ಮಾವ?"

ಆಗಿಲ್ಲ ಅನ್ನಬೇಕಿತ್ತು. ಚಲುವರಾಜುವಿಗೆ ಅದೊಂದು ಮಾತೂ ಹೊರಡಲಿಲ್ಲ.